ಊಟಕ್ಕೆ ಮೊದಲೋ, ಆಮೇಲೋ?

ನಮ್ಮ ಭಾವ ಅಮೆರಿಕದಿಂದ ವಾಪಸ್ ಬರುವಾಗ ಒಂದು ಮೌಂಟನ್ ಬೈಕ್ ತಂದಿದ್ದರು. 1990ರ ದಶಕದ್ದು. ಮುಂದಿನ ಚಕ್ರ ಹಿಡಿಯುವ ಫೋರ್ಕ್‌ನಲ್ಲೇ ಶಾಕ್ ಅಬ್ಸಾರ್ಬರ್. ಬೀದಿಯವರೆಲ್ಲ ಬಂದು ಹ್ಯಾಂಡಲ್ ಒತ್ತಿ ನೋಡಿ ಹೋಗಿದ್ದರಂತೆ. ಭಾವನವರಿಗೆ ಮಂಡಿ ನೋವು ಶುರುವಾದ ಮೇಲೆ ಸೈಕಲ್ ನನ್ನ ಪಾಲಿಗೆ ಬಂತು. ಅಷ್ಟು ಹೊತ್ತಿಗೆ ಶಾಕ್ ಹೆಸರಿಗೆ ಮಾತ್ರ. ಬೆಂಗಳೂರಿನ ಒಂದೊಂದು ಹಂಪೂ ನೇರವಾಗಿ ಹಲ್ಲಿಗೇ ತಲುಪುತ್ತಿತ್ತು.

ಇಂಥ ಫೋರ್ಕುಗಳ ಮೂಲ ಮೋಟರ್‌ಸೈಕಲ್. ಹೋಂಡಾದ ಮೋಟೋಕ್ರಾಸ್ (ಮಣ್ಣುಹಾದಿಯ ಬೈಕ್ ರೇಸ್) ತಂಡದಲ್ಲಿ ಮೆಕ್ಯಾನಿಕ್ ಆಗಿದ್ದ ಪಾಲ್ ಟರ್ನರ್ 1989ರ ಸುಮಾರಿಗೆ ರಾಕ್‌ಶಾಕ್ಸ್ ಕಂಪನಿ ಕಟ್ಟಿದರು. 1990ರಲ್ಲಿ ಕೊಲರಾಡೊದ ದುರಾಂಗೊದಲ್ಲಿ ನಡೆದ ಮೌಂಟನ್ ಬೈಕ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಗ್ರೆಗ್ ಹರ್ಬೋಲ್ಡ್ ಅಂಥದ್ದೇ ಫೋರ್ಕ್ ಹಾಕಿಕೊಂಡು ಡೌನ್‌ಹಿಲ್, ಅಂದರೆ ಬೆಟ್ಟ ಇಳಿಯುವ ರೇಸ್, ಗೆದ್ದರು. ಆಮೇಲೆ ಎಲ್ಲರಿಗೂ ಶಾಕ್ ಬೇಕಾಯಿತು. ಹಗುರ, ಅಗ್ಗ, ಸರಳ ಅಂತ ಹಲವು ಕಂಪನಿಗಳು ಸ್ಪ್ರಿಂಗ್ ಬದಲು ರಬ್ಬರಿನಂಥ ಎಲಾಸ್ಟೊಮರ್ ತುಂಡುಗಳನ್ನು ತುಂಬಿದವು. ಒಳಗೆ ಸಣ್ಣ ಗಾಳಿಗುಳ್ಳೆ ಇರುವ ಪಾಲಿಯುರೆಥೇನ್ ಅದು. ಹೊಸದಿದ್ದಾಗ ಚೆನ್ನಾಗೇ ಕುಣಿಯುತ್ತದೆ. ಚಳಿಯಲ್ಲಿ ಬಿಗಿಯಾಗುತ್ತದೆ. ವಯಸ್ಸಾದ ಮೇಲೆ ಒಂದೋ ಕಲ್ಲಾಗುತ್ತದೆ, ಇಲ್ಲ ಕರಗುತ್ತದೆ.

ನಮ್ಮ ವಾಚ್‌ಮನ್, ಹಾಲಿನವನು, ಎದುರು ಮನೆ ಅಜ್ಜಿ ಎಲ್ಲರದ್ದೂ ಒಂದೇ ಸಲಹೆ: "ಸ್ವಲ್ಪ ಕೊಬ್ಬರಿ ಎಣ್ಣೆ ಬಿಡಿ, ಸರಿಹೋಗುತ್ತೆ." ಈ ದೇಶದಲ್ಲಿ ಕೂದಲಿಗೂ ಕೀಲಿಗೂ ಅದೇ ಮದ್ದು. ಆದರೆ ಫೋರ್ಕಿಗೆ ಹೊರಗಿಂದ ಎಣ್ಣೆ ಬಿಟ್ಟರೆ ಧೂಳು ಅಂಟುತ್ತದೆ, ಸೀಲ್ ಸಂದಿಗೆ ಸೇರುತ್ತದೆ, ಕೊಳವೆಯ ಪಾಲಿಶನ್ನೇ ಉಜ್ಜಿಹಾಕುತ್ತದೆ. ಬಿಚ್ಚಲೇಬೇಕು.

ಫೋರ್ಕಿನ ತಳದಲ್ಲಿ ಎರಡು ಬೋಲ್ಟ್ ಇರುತ್ತವೆ. ಬಿಚ್ಚಲು ಹೋದರೆ ಒಳಗಿನ ರಾಡೂ ಜೊತೆಗೇ ಸುತ್ತುತ್ತದೆ. ಸಂಜೆವರೆಗೂ ಆಲೆನ್ ಕೀ ತಿರುಗಿಸುತ್ತಾ ಕೂರಬಹುದು, ಏನೂ ಆಗಲ್ಲ. ಯಾರಾದರೂ ಮೇಲಿನಿಂದ ಫೋರ್ಕನ್ನು ಅದುಮಿ ಹಿಡಿದರೆ ರಾಡ್ ಬಿಗಿಯಾಗಿ ನಿಂತು ಬೋಲ್ಟ್ ಸಡಿಲವಾಗುತ್ತದೆ. ಅಮ್ಮ ಅದುಮಿದರು, ಬೈಯುತ್ತಲೇ. ನಾಲ್ಕು ಸುತ್ತು ಸಡಿಲಿಸಿ, ಬೋಲ್ಟಿನ ತಲೆಗೆ ರಬ್ಬರ್ ಸುತ್ತಿಗೆಯಿಂದ ಒಂದೇಟು. ಫೋರ್ಕಿನ ಒಂದು ಕಾಲಿನಿಂದ ಎಲಾಸ್ಟೊಮರ್ ಹೊರಬಂತು, ಹಳೇ ಜೋನಿಬೆಲ್ಲದ ಹಾಗೆ. ಇನ್ನೊಂದು ಕಾಲಿನಲ್ಲಿ ಡ್ಯಾಂಪರ್ ಆಯಿಲ್, ಕುಣಿತಕ್ಕೆ ಕಡಿವಾಣ ಹಾಕುವ ಎಣ್ಣೆ. ಅದು ಟ್ರೇಗೆ ಬೀಳಲಿಲ್ಲ. ಬಾಲ್ಕನಿ ಅಂಚು ದಾಟಿ, ಕೆಳಗಿನ ಮನೆ ರಾಯರ ಬಿಳಿ ಪಂಚೆ ಮೇಲೆ ಬಿತ್ತು.

"ಏನ್ರೀ ಇದು, ಸೈಕಲ್ಲೋ ಲಾರಿನೋ?" ಅಂತ ರಾಯರು ಮೇಲೆ ಬಂದರು. ಪಂಚೆಯನ್ನೂ ಸಾಕ್ಷಿಗೆ ತಂದಿದ್ದರು.

ಹೊಸ ಆಯಿಲ್‌ಗೆ ಜೆ.ಸಿ. ರಸ್ತೆಗೆ ಹೋದೆ. "ಫೋರ್ಕ್ ಆಯಿಲ್ ಕೊಡಿ." "ಯಾವ ಗಾಡಿಗೆ ಸಾರ್?" "ಸೈಕಲ್‌ಗೆ." ಅಂಗಡಿಯವರು ಒಳಗೆ ತಿರುಗಿ ಕೂಗಿದರು: "ಲೇ, ಬಾರೋ ಇಲ್ಲಿ. ಸೈಕಲ್‌ಗೆ ಆಯಿಲ್ ಚೇಂಜ್ ಅಂತೆ!" ಒಳಗಿದ್ದವರೆಲ್ಲ ಬಂದು ನನ್ನನ್ನು ನೋಡಿಕೊಂಡು ಹೋದರು. ಆಯಿಲ್ ಮಾತ್ರ ಸಿಕ್ಕಿತು.

ಎಲಾಸ್ಟೊಮರ್ ಸಿಗಲಿಲ್ಲ. ಅದರ ಜಾಗಕ್ಕೆ ಉಕ್ಕಿನ ಸ್ಪ್ರಿಂಗ್ ಹಾಕಬಹುದು ಅಂತ ಪೀಣ್ಯಕ್ಕೆ ಹೋದೆ. ಸ್ಪ್ರಿಂಗ್ ಸುತ್ತುವ ಯಜಮಾನರು ಕಾಗದ ತೆಗೆದು, "ಲೋಡ್ ಎಷ್ಟು ಸಾರ್?" ಅಂದರು.

"ನನ್ನ ತೂಕ."

"ಊಟಕ್ಕೆ ಮೊದಲೋ, ಆಮೇಲೋ?"

ತಮಾಷೆ ಅಲ್ಲ. ಪೆನ್ನು ಹಿಡಿದು ಕಾಯುತ್ತಿದ್ದರು. ನಾನು ಕೇಳಿದ್ದು ಮೂರೂವರೆ ಮಿಲಿಮೀಟರ್ ತಂತಿ. ಅವರ ಹತ್ತಿರ ಇದ್ದದ್ದು ನಾಲ್ಕು. "ಅರ್ಧ ಮಿಲಿಮೀಟರ್‌ಗೆ ಏನಾಗುತ್ತೆ ಬಿಡಿ ಸಾರ್." ಆಗುತ್ತೆ. ಸ್ಪ್ರಿಂಗಿನ ಬಿಗಿ ತಂತಿಯ ದಪ್ಪದ ನಾಲ್ಕನೇ ಘಾತದಲ್ಲಿ ಏರುತ್ತದೆ. ಉಳಿದ ಅಳತೆ ಅದೇ ಇದ್ದರೂ ಆ ಅರ್ಧ ಮಿಲಿಮೀಟರಿಗೆ ಶೇ. 70ರಷ್ಟು ಜಾಸ್ತಿ ಗಟ್ಟಿ. ಇದನ್ನು ವಿವರಿಸುವಷ್ಟರಲ್ಲಿ ಮೆಷಿನ್ ಸ್ಪ್ರಿಂಗನ್ನು ಸುತ್ತಿ ಮುಗಿಸಿತ್ತು.

ಮನೆಗೆ ಬಂದು ಜೋಡಿಸಿದೆ. ಸವಾರ ಕೂತಾಗ ಫೋರ್ಕ್ ತನ್ನ ಓಟದ (ಅದು ಒಟ್ಟು ಕುಗ್ಗಬಲ್ಲ ದೂರದ) ಐದನೇ ಒಂದರಿಂದ ನಾಲ್ಕನೇ ಒಂದು ಭಾಗ ಕೆಳಗಿಳಿಯಬೇಕು. ನನ್ನದರ ಓಟ 60 ಮಿಲಿಮೀಟರ್, ಅಂದರೆ 12ರಿಂದ 15 ಇಳಿಯಬೇಕು. ಎಷ್ಟು ಇಳಿಯಿತು ಅನ್ನೋ ಗುರುತಿಗೆ ಕೊಳವೆಗೊಂದು ಜಿಪ್ ಟೈ ಕಟ್ಟಿ ಕೂತೆ. ಆರು. ಊಟ ಮಾಡಿ ಬಂದು ಕೂತೆ. ಆಗಲೂ ಆರು.

ಗೇಟಿನ ಹತ್ತಿರ ನಾನು ಕೂರುವುದು, ಇಳಿಯುವುದು, ಬಗ್ಗಿ ಸ್ಕೇಲ್ ಹಿಡಿಯುವುದನ್ನು ರಾಯರು ಪೇಪರ್ ಮೇಲಿನಿಂದ ನೋಡುತ್ತಿದ್ದರು. ಅವರದು ಒಂದು ಕ್ವಿಂಟಾಲಿಗೆ ಹತ್ತಿರದ ಶರೀರ. "ಕೊಡಿ ಇಲ್ಲಿ" ಅಂದರು. ಪಂಚೆಯ ಋಣ ಇತ್ತಲ್ಲ, ಕೊಟ್ಟೆ. ಪಂಚೆ ಮೇಲೆ ಕಟ್ಟಿ ಹತ್ತಿದರು. ಫೋರ್ಕ್ ಮೆತ್ತಗೆ ಇಳಿದು ನಿಂತಿತು. ಹದಿನಾಲ್ಕು. ಮೂಲೆಯ ಹಂಪನ್ನು ಮೂವತ್ತು ವರ್ಷ ಹಳೆಯ ಫೋರ್ಕ್ ಸದ್ದಿಲ್ಲದೆ ನುಂಗಿತು. ರಾಯರ ಕೈಯಲ್ಲಿದ್ದ ಪೇಪರ್ ಕೂಡ ಅಲುಗಲಿಲ್ಲ.

ಈಗ ದಿನಾ ಬೆಳಗ್ಗೆ ಹಾಲು ತರೋಕೆ ಅವರೇ ಸೈಕಲ್ ತಗೊಂಡು ಹೋಗುತ್ತಾರೆ. ಮೊನ್ನೆ ವಾಪಸ್ ತಂದು ನಿಲ್ಲಿಸುತ್ತಾ ಹೇಳಿದರು: "ಮುಂದೆ ಪರವಾಗಿಲ್ಲ ಕಣ್ರೀ. ಹಿಂದುಗಡೆಗೂ ಒಂದು ಶಾಕ್ ಹಾಕಿಸಿಬಿಡಿ."