ಚಳಿ ತಡೆಯೋ ಹುಲ್ಲು ಬಯಲುಸೀಮೆಗೆ ಯಾಕೆ?

ಉರುವಲಿಗೆ ಬೆಳೆಯೋ ಹುಲ್ಲಿನ ಬಗ್ಗೆ ಬಂದ ಲೇಖನ ಚೆನ್ನಾಗಿದೆ. ಆದರೆ ಯುರೋಪಿನ ಚಳಿ ತಡೆಯೋ ಮಿಸ್ಕ್ಯಾಂಥಸ್ ಅನ್ನೋ ಹುಲ್ಲು ತಂದು ದೊಡ್ಡಬಳ್ಳಾಪುರ, ಕೋಲಾರದಲ್ಲಿ ಬೆಳೆದು ಬಾಯ್ಲರ್‌ಗೆ ಉರಿಸಬಹುದು ಅನ್ನೋ ಕೊನೆಯ ಪ್ಯಾರಾ ಒಪ್ಪೋಕಾಗಲ್ಲ.

ಯುರೋಪಿನಲ್ಲಿ ಹೆಚ್ಚು ಬೆಳೆಯೋದು ಜೈಗ್ಯಾಂಟಿಯಸ್ ಅನ್ನೋ ಮಿಸ್ಕ್ಯಾಂಥಸ್. 38 ವರ್ಣತಂತುಗಳ ಸೈನೆನ್ಸಿಸ್, 76ರ ಸ್ಯಾಕರಿಫ್ಲೋರಸ್ ಅನ್ನೋ ಎರಡು ಮಿಸ್ಕ್ಯಾಂಥಸ್ ಜಾತಿಗಳಿಂದ ಅರ್ಧರ್ಧ ಕೂಡಿ 57 ಆಗಿರುವ ಬಂಜೆ ಮಿಶ್ರತಳಿ. ಬೀಜ ಇಲ್ಲ, ಶುಂಠಿ ಥರ ಗೆಡ್ಡೆ ತುಂಡು ನೆಡಬೇಕು. ಮೊದಲ ಚಳಿಗಾಲದಲ್ಲಿ ಸಾಯೋದು ಈ ಎಳೆ ಗೆಡ್ಡೆಯೇ. ಅದರ ಸುತ್ತ ಮೈನಸ್ 3.5 ಡಿಗ್ರಿ ಆಸುಪಾಸಿಗೆ ಬಂದರೆ ಅರ್ಧದಷ್ಟು ಗೆಡ್ಡೆ ಸತ್ತವು ಅಂತಲೇ ಲೆಕ್ಕ. ಕೆಲವು ಸೈನೆನ್ಸಿಸ್ ತಳಿಗಳು ಮೈನಸ್ 6ರವರೆಗೂ ತಾಳುತ್ತವೆ, ಅದಕ್ಕೇ ತಳಿಗಾರರು ಅವುಗಳ ಹಿಂದೆ ಬಿದ್ದಿರೋದು. ತೊಡಕು ಇರೋದು ಹೂವಿನಲ್ಲಿ. ತಡವಾಗಿ ಹೂ ಬಿಟ್ಟರೆ ಇಳುವರಿ ಜಾಸ್ತಿ, ಆದರೆ ಹಿಮ ಬೀಳೋ ಮುಂಚೆ ಹುಲ್ಲು ಮಾಗದೆ ಸಾರ ಗೆಡ್ಡೆಗೆ ಇಳಿಯೋದಿಲ್ಲ.

ಅಲ್ಲಿ ಮಾಗಿದ ಹುಲ್ಲು ಚಳಿಗೆ ಗದ್ದೆಯಲ್ಲೇ ಒಣಗುತ್ತೆ, ಮಳೆಗೆ ಪೊಟ್ಯಾಶ್, ಕ್ಲೋರಿನ್ ತೊಳೆದುಹೋಗುತ್ತವೆ, ಫೆಬ್ರವರಿ-ಮಾರ್ಚ್‌ನಲ್ಲಿ ಕೊಯ್ಲು. ನಮ್ಮಲ್ಲಿ ಜನವರಿಯ ರಾತ್ರಿಯೂ ಸಾಮಾನ್ಯವಾಗಿ 15 ಡಿಗ್ರಿ ಆಸುಪಾಸು, ಹುಲ್ಲು ಹಾಗೆ ಒಣಗಲ್ಲ. ಹಸಿರಾಗಿರೋದನ್ನೇ ಕೊಯ್ದು ಉರಿಸಿದರೆ ಪೊಟ್ಯಾಶ್ ಇರೋ ಬೂದಿ ಕರಗಿ ಬಾಯ್ಲರ್ ಕೊಳವೆಗೆ ಗಟ್ಟಿಯಾಗಿ ಅಂಟುತ್ತೆ, ಕೆರೆದು ತೆಗೆಯೋರಿಗೇ ಗೊತ್ತು ಆ ಪಾಡು.

ಇಲ್ಲಿಗೆ ಸಜ್ಜೆ-ನೇಪಿಯರ್ ಮಿಶ್ರತಳಿಯ ಮೇವಿನ ಹುಲ್ಲೇ ಸರಿ, ಅದೂ ಉರಿಸೋಕಲ್ಲ, ಬಯೋಗ್ಯಾಸ್‌ಗೆ. ಎರಡು ಗಿಣ್ಣಿನ ತುಂಡು, ಒಂದು ಗಿಣ್ಣು ಮಣ್ಣೊಳಗೆ, 60×50 ಸೆಂ.ಮೀ. ಅಂತರ. ಮೊದಲ ಕೊಯ್ಲು 75-80 ದಿನಕ್ಕೆ, ಆಮೇಲೆ 45 ದಿನಕ್ಕೊಮ್ಮೆ. ಬಿಟ್ಟರೆ ಕಾಂಡ ನಾರಾಗಿ ಗ್ಯಾಸ್ ಕಮ್ಮಿ. ಆದರೆ ಬೇಸಿಗೆಯಲ್ಲಿ ನೀರು ಬೇಕೇ ಬೇಕು. ಬೋರ್‌ವೆಲ್ ಬತ್ತಿರೋ ಕಡೆ ಇದನ್ನೂ ಹಾಕಬೇಡಿ.