ಪೀಶಕತ್ತಿಯ ವಯಸ್ಸು

ದೊಡ್ಡಪ್ಪ ಹೋದ ಮೇಲೆ ಮುಂಬಯಿಯ ಮಾಟುಂಗದ ಮನೆಯ ಕಪಾಟು ಖಾಲಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಹಳೇ ಪಾಸ್‌ಬುಕ್ಕು, ಅವಧಿ ಮುಗಿದ ಲೋಕಲ್ ಟ್ರೇನಿನ ಪಾಸು, ಮುದ್ದೆಯಾದ ರಬ್ಬರ್ ಬ್ಯಾಂಡು. ಎಲ್ಲದರ ಕೆಳಗೆ ಒಂದು ತಗಡಿನ ಡಬ್ಬಿ. ಒಳಗೆ ಕರ್ಪೂರದ ಪೊಟ್ಟಣ, ನಾಲ್ಕು ಒಣ ಅಡಿಕೆ, ಜೊತೆಗೆ ಆ ಮಡಚು ಚಾಕು. ದೊಡ್ಡಪ್ಪ ಅದನ್ನು ಕೊನೆವರೆಗೂ ಪೀಶಕತ್ತಿ ಅಂತಲೇ ಕರೆದರು. ಕುಂದಾಪುರ ಬಿಟ್ಟು ಎಪ್ಪತ್ತು ವರ್ಷ ಕಳೆದರೂ ಕತ್ತಿಗೆ ಊರಿನ ಹೆಸರೇ.

ದೊಡ್ಡಮ್ಮ ಅದನ್ನು ನನ್ನ ಕೈಗೆ ಕೊಡಲಿಲ್ಲ. ನೆಲದ ಮೇಲಿಟ್ಟು "ತಗೋ" ಅಂದಳು. ಚಾಕು ಕೈಯಿಂದ ಕೈಗೆ ದಾಟಿದರೆ ಜಗಳ ಆಗುತ್ತದಂತೆ.

ಈ ಚಾಕುವಿಗೆ ಒಂದು ಕಥೆ ಇದೆ. ಬ್ರಿಟಿಷರ ಕಾಲದಲ್ಲಿ, ಬಂದರಿನ ಹತ್ತಿರ, ಹಡಗಿನ ದೊರೆಯೊಬ್ಬ ಕಾಫಿ ಕುಡಿದು ಖುಷಿಯಾಗಿ ದೊಡ್ಡಪ್ಪನಿಗೆ ಇನಾಮು ಕೊಟ್ಟನಂತೆ. ಚಿಕ್ಕಂದಿನಿಂದ ಕೇಳಿದ್ದೆ, ನಂಬಿಯೂ ಇದ್ದೆ. ಕಪಾಟು ಖಾಲಿ ಮಾಡುವಾಗಲೇ ಲೆಕ್ಕ ಹೊಳೆದದ್ದು. ದೊಡ್ಡಪ್ಪ ಫೋರ್ಟಿನ ಉಡುಪಿ ಹೋಟೆಲಿಗೆ ಲೋಟ ತೊಳೆಯಲು ಬಂದದ್ದು 1951ರಲ್ಲಿ. ದೊರೆಗಳು ಅಷ್ಟರಲ್ಲಿ ಗಂಟುಮೂಟೆ ಕಟ್ಟಿ ನಾಲ್ಕು ವರ್ಷ ಆಗಿತ್ತು.

ಸರಿ, ಚಾಕುವನ್ನೇ ಕೇಳೋಣ ಅಂದುಕೊಂಡೆ. ಹಳೇ ಚಾಕುವಿನ ಜಾತಕ ಇರುವುದು ಅಲಗಿನ ಬುಡದಲ್ಲಿ, ಕೀಲಿನ ಪಕ್ಕ. ಅಲ್ಲಿ ತಯಾರಕರು ಮುದ್ರೆ ಒತ್ತಿರುತ್ತಾರೆ. ಭೂತಗನ್ನಡಿ ಹಿಡಿದು ನೋಡಿದೆ. ಮೊದಲು ಒಂದು ಕಿರೀಟ. ಅದರ ಎರಡು ಬದಿ ಜಿ, ಆರ್ ಅಂತ ಎರಡು ಅಕ್ಷರ. ಕೆಳಗೆ ಶೆಫೀಲ್ಡ್, ಇಂಗ್ಲೆಂಡ್. ತಯಾರಕರ ಹೆಸರಿನ ಸಾಲು ಮಾತ್ರ ಸವೆದು ಸಪಾಟು.

ಜಿ ಆರ್ ಅಂದರೆ ಜಾರ್ಜ್ ರಾಜ. ಐದನೇ ಜಾರ್ಜ್ ಪಟ್ಟಕ್ಕೆ ಬಂದದ್ದು 1910ರಲ್ಲಿ, ಆರನೇ ಜಾರ್ಜ್ ತೀರಿಕೊಂಡದ್ದು 1952ರಲ್ಲಿ. ವಿಕ್ಟೋರಿಯಾ ರಾಣಿಯ ಕಾಲದ್ದಾಗಿದ್ದರೆ ವಿ ಆರ್ ಇರುತ್ತಿತ್ತು. ಇನ್ನು ದೇಶದ ಹೆಸರು. ಹೊರಗಿನಿಂದ ಬರುವ ಮಾಲಿನ ಮೇಲೆ ಹುಟ್ಟಿದ ದೇಶ ಬರೆದಿರಬೇಕು ಅಂತ ಅಮೆರಿಕ 1890ರಲ್ಲಿ ಕಾನೂನು ಮಾಡಿತು. ಆಮೇಲೆಯೇ ಚಾಕುಗಳ ಮೇಲೆ ಇಂಗ್ಲೆಂಡ್ ಅನ್ನುವುದು ಜಾಸ್ತಿ ಕಾಣಿಸಿಕೊಂಡದ್ದು. ಇಂಗ್ಲಿಷರೂ ಕಡಿಮೆಯವರಲ್ಲ. ಜರ್ಮನಿಯ ಜೋಲಿಂಗೆನ್ ಊರಿನವರು ತಮ್ಮ ಚಾಕುಗಳಿಗೆ ಶೆಫೀಲ್ಡ್ ಅಂತ ಒತ್ತಿ ಮಾರುತ್ತಿದ್ದಾರೆ ಅಂತ ಶೆಫೀಲ್ಡಿನವರು ಗೋಳಾಡಿದ್ದರು. 1887ರಲ್ಲಿ ಕಾಯ್ದೆ ಬಂತು, ಜರ್ಮನಿಯ ಮಾಲಿಗೆ ಜರ್ಮನಿ ಅಂತಲೇ ಹಣೆಪಟ್ಟಿ ಬಿತ್ತು. ಮಾನ ಕಳೆಯಲು ಹಚ್ಚಿದ ಪಟ್ಟಿಯನ್ನು ಆ ಪುಣ್ಯಾತ್ಮರು ಬಿರುದು ಮಾಡಿಕೊಂಡರು, ಅದು ಬೇರೆ ಮಾತು.

ಅಲಗಿನ ಮೇಲೆ ಸ್ಟೇನ್‌ಲೆಸ್ ಅಂತ ಬರೆದಿರಲಿಲ್ಲ. ತುಕ್ಕು ಹಿಡಿಯದ ಉಕ್ಕನ್ನು ಹ್ಯಾರಿ ಬ್ರೇರ್ಲಿ 1913ರಲ್ಲಿ ಅದೇ ಶೆಫೀಲ್ಡಿನಲ್ಲಿ ತಯಾರಿಸಿದ. ಹಾಗಂತ ನಮ್ಮದು 1913ಕ್ಕಿಂತ ಹಿಂದಿನದು ಅಂತ ಕುಣಿಯುವ ಹಾಗಿಲ್ಲ. ಹರಿತ ನಿಲ್ಲುತ್ತದೆ ಅಂತ ಕಪ್ಪಾಗುವ ಉಕ್ಕನ್ನೇ ಇಷ್ಟಪಡುವವರು ಆಮೇಲೂ ಇದ್ದರು, ಈಗಲೂ ಇದ್ದಾರೆ.

ಉಳಿದದ್ದು ಹಿಡಿ. ಮೂಳೆಯೋ ಸೆಲ್ಯುಲಾಯ್ಡೋ? ಸೆಲ್ಯುಲಾಯ್ಡ್ ಅಂದರೆ ಹಳೇ ಕಾಲದ ಪ್ಲಾಸ್ಟಿಕ್ಕು, ಅದನ್ನು ಕರ್ಪೂರ ಸೇರಿಸಿ ಮಾಡುತ್ತಿದ್ದರು. ಬೆರಳಿನಿಂದ ಬಿಸಿಯಾಗುವಷ್ಟು ಉಜ್ಜಿ ಮೂಸಿದರೆ ಕರ್ಪೂರದ ವಾಸನೆ ಬರಬೇಕು. ಉಜ್ಜಿದೆ, ಮೂಸಿದೆ. ಘಮ್ಮೆಂದಿತು! ಸಂಭ್ರಮದಿಂದ ದೊಡ್ಡಮ್ಮನಿಗೆ ಹೇಳಿದೆ. ಅವಳು ಡಬ್ಬಿಯ ಕಡೆ ನೋಡಿದಳು. ಕರ್ಪೂರದ ಪೊಟ್ಟಣದ ಜೊತೆ ಅಷ್ಟು ವರ್ಷ ಮಲಗಿದ್ದ ಚಾಕು ಇನ್ನೇನು ಮಲ್ಲಿಗೆಯ ವಾಸನೆ ಬರುತ್ತದಾ? ಕೊನೆಗೆ ಬೆಳಕಿಗೆ ಹಿಡಿದಾಗ ಹಿಡಿಯ ತುಂಬ ಸೂಜಿಮೊನೆಯಂಥ ಕಪ್ಪು ಚುಕ್ಕಿಗಳು ಕಂಡವು. ಮೂಳೆಯ ರಂಧ್ರಗಳು. ಮೂಳೆಯೇ.

ಭಾನುವಾರ ಬೆಲೆ ಕೇಳಲು ಹಳೇ ಸಾಮಾನಿನ ಚೋರ್ ಬಜಾರಿಗೆ ಹೊರಟೆ. ಹೋಗುವ ಮುಂಚೆ ವಧುಪರೀಕ್ಷೆಗೆ ಅಲಂಕಾರ ಮಾಡುವ ಹಾಗೆ ಚಾಕುವನ್ನು ಹುಣಸೆಹಣ್ಣು ಹಾಕಿ ತಿಕ್ಕಿದೆ. ಹಿತ್ತಾಳೆ ತಂಬಿಗೆ ತಿಕ್ಕಿದ ಕೈ ನನ್ನದು. ಕಪ್ಪೆಲ್ಲ ಹೋಗಿ ಅಲಗು ಮಸುಕು ಬೆಳ್ಳಿಯಂತಾಯಿತು.

ಮಟನ್ ಸ್ಟ್ರೀಟಿನಲ್ಲಿ ಗ್ರಾಮಫೋನು, ಗಡಿಯಾರ, ಹಡಗಿನ ದೀಪಗಳ ನಡುವೆ ಕುಳಿತಿದ್ದ ಮುದುಕಪ್ಪ ಚಾಕುವನ್ನು ಕಿವಿಯ ಹತ್ತಿರ ಹಿಡಿದು ಬಿಚ್ಚಿದರು, ಮಡಚಿದರು. ಟಕ್. ಇನ್ನೊಮ್ಮೆ ಟಕ್. ಬೆನ್ನಿನ ಸ್ಪ್ರಿಂಗು ಗಟ್ಟಿಯಾಗಿದ್ದರೆ ಮಾತ್ರ ಆ ಸದ್ದು. "ಆವಾಜ್ ಅಚ್ಛಾ ಹೈ" ಅಂದರು. ನನಗೇ ಯಾರೋ ಬೆನ್ನು ತಟ್ಟಿದ ಹಾಗಾಯಿತು. ಆಮೇಲೆ ಅಲಗನ್ನು ಓರೆ ಮಾಡಿ ನೋಡಿದರು. ಮುಖ ಸಣ್ಣದಾಯಿತು.

"ಇದನ್ನು ತೊಳೆದವರು ಯಾರು?"

ಕಪ್ಪು ಬಣ್ಣಕ್ಕೇ ಬೆಲೆ ಅಂತೆ. ಉಕ್ಕು ವರ್ಷಗಟ್ಟಲೆ ಗಾಳಿ, ಬೆವರು, ಹಣ್ಣಿನ ರಸ ಕುಡಿದು ತಾನಾಗಿ ಹೊದ್ದುಕೊಳ್ಳುವ ಹೊದಿಕೆ ಅದು. ಸಂಗ್ರಹ ಮಾಡುವವರು ಮೊದಲು ನೋಡುವುದೇ ಅದನ್ನು. ಇನ್ನೊಂದು ದೋಷವನ್ನೂ ತೋರಿಸಿದರು. ಸಾಣೆ ಹಿಡಿದು ಹಿಡಿದು ಅಲಗು ಅರ್ಧಕ್ಕೆ ಇಳಿದಿತ್ತು. ಬಳಸದೆ ಪೆಟ್ಟಿಗೆಯಲ್ಲಿ ಮಲಗಿದ್ದ ಚಾಕುವಿಗೆ ಬೆಲೆ ಜಾಸ್ತಿ, ದುಡಿದದ್ದಕ್ಕೆ ಕಡಿಮೆ. ದೊಡ್ಡಪ್ಪ ಅದರಲ್ಲಿ ಅಕ್ಕಿಮೂಟೆಯ ಹುರಿ ಕೊಯ್ದರು, ರಾತ್ರಿ ಶಾಲೆಯಲ್ಲಿ ಪೆನ್ಸಿಲ್ ಚೂಪು ಮಾಡಿದರು, ಆಮೇಲೆ ಐವತ್ತು ವರ್ಷ ಅಡಿಕೆ ಹೆರೆದರು. ಸವೆದಷ್ಟೂ ಬೆಲೆ ಕಳೆಯುತ್ತಾ ಬಂದರು ಅಂತಾಯ್ತು. ಈ ಲೆಕ್ಕ ನನಗೆ ಈಗಲೂ ಒಪ್ಪಿಗೆಯಿಲ್ಲ.

"ಎಂಟುನೂರು" ಅಂದರು ಮುದುಕಪ್ಪ. ನಾನು ಅಡ್ಡಡ್ಡ ತಲೆಯಾಡಿಸಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಚಾಕು ಮಡಚಿ ನನ್ನ ಕೈಗೆ ಕೊಡದೆ ಗಾಜಿನ ಮೇಲಿಟ್ಟರು.

ಮನೆಗೆ ಬಂದು ಬೆಲೆ ಹೇಳಿದೆ. "ಹಾಗಾದ್ರೆ ಕೆಲಸಕ್ಕಾದ್ರೂ ಆಗ್ಲಿ" ಅಂತ ದೊಡ್ಡಮ್ಮ ಅದರಲ್ಲೇ ಉಪ್ಪಿನಕಾಯಿಗೆ ನಿಂಬೆಹಣ್ಣು ಹೆಚ್ಚಲು ಕುಳಿತಳು. ಒರೆಸಿಡು ಅಂದೆ. ಮರೆತಳೋ, ಬೇಕೆಂದೇ ಬಿಟ್ಟಳೋ. ಸಂಜೆ ನೋಡಿದರೆ ಅಲಗಿನ ತುದಿಯಲ್ಲಿ, ಹುಣಸೆಹಣ್ಣು ಬಿಳಿಚಿಸಿದ ಜಾಗದಲ್ಲಿ, ತೆಳ್ಳಗೆ ಬೂದುನೀಲಿ ಬಣ್ಣ ಏರಿತ್ತು.