ಮರಿಯಾ ಮಾತೂ ಡಿಸ್ಕಿನಲ್ಲಿರಲಿ
ನಿರ್ದೇಶಕ ಬರ್ಟೊಲೂಚಿಯ 1972ರ ಸಿನಿಮಾ ‘ಲಾಸ್ಟ್ ಟ್ಯಾಂಗೋ ಇನ್ ಪ್ಯಾರಿಸ್’ ಬ್ಲೂ-ರೇ ಡಿಸ್ಕಿನಲ್ಲಿ ಸಿಗುವುದನ್ನು ನಿಮ್ಮ ಲೇಖನ ತುಂಬಾ ಹೊಗಳಿದೆ. ಚಿತ್ರದ ಅಂದ ನಾನೂ ಒಪ್ಪುತ್ತೇನೆ. ಛಾಯಾಗ್ರಾಹಕ ಸ್ಟೊರಾರೊ ಹಿಡಿದ ಆ ಕಿತ್ತಳೆ ಬಣ್ಣದ ಬೆಳಕು, ಖಾಲಿ ಮನೆ, ಪ್ಯಾರಿಸ್‌ನ ಬಿರ್ ಹಕೀಮ್ ಸೇತುವೆಯ ಕೆಳಗೆ ಕಿವಿ ಮುಚ್ಚಿ ಕೂಗುವ ನಾಯಕ ನಟ ಬ್ರಾಂಡೋ. ಮರೆಯೋಕೆ ಆಗಲ್ಲ.

ಆದರೆ ವಿವಾದ ಅಂದರೆ ಬರೀ ಸೆನ್ಸಾರ್ ಅಂತ ಬರೆದಿದ್ದೀರಲ್ಲ, ಅದು ಸರಿಯಲ್ಲ. 1976ರಲ್ಲಿ ಇಟಲಿಯ ಕೋರ್ಟು ಪ್ರತಿಗಳನ್ನೆಲ್ಲ ನಾಶ ಮಾಡಲು ಹೇಳಿತ್ತು, ನಿಜ. ಆ ನಿಷೇಧ 1987ರಲ್ಲಿ ಹೋಯಿತು. ನಾಯಕಿ ಮರಿಯಾ ಶ್ನೈಡರ್ ನೋವು ಮಾತ್ರ ಹೋಗಲಿಲ್ಲ. ಆಗ ಅವರಿಗೆ 19 ವರ್ಷ, ಬ್ರಾಂಡೋಗೆ 50ರ ಹತ್ತಿರ. ಬ್ರಾಂಡೋ ಪಾತ್ರ ಬೆಣ್ಣೆ ಬಳಸಿ ಅವರ ಪಾತ್ರದ ಮೇಲೆ ಅತ್ಯಾಚಾರ ಮಾಡುವ ದೃಶ್ಯದ ವಿಷಯ ಚಿತ್ರೀಕರಣಕ್ಕೆ ಸ್ವಲ್ಪ ಮುಂಚೆಯಷ್ಟೇ ಗೊತ್ತಾಯಿತು, ಪರದೆ ಮೇಲಿರುವುದು ನನ್ನ ನಿಜವಾದ ಕಣ್ಣೀರು ಎಂದು 2007ರಲ್ಲಿ ಅವರೇ ಹೇಳಿದ್ದರು. ಬೆಣ್ಣೆಯ ವಿಷಯ ಬೇಕಂತಲೇ ಮುಚ್ಚಿಟ್ಟೆ ಎಂದು ನಿರ್ದೇಶಕರೂ ಆಮೇಲೆ ಒಪ್ಪಿಕೊಂಡರು. ಅಷ್ಟರಲ್ಲಿ ಮರಿಯಾ ತೀರಿಕೊಂಡಿದ್ದರು.

ನಾನು ಆ ದೃಶ್ಯದಲ್ಲಿ ರಿಮೋಟ್ ಒತ್ತಿ ನಿಲ್ಲಿಸಿದೆ. ಮುಂದೆ ನೋಡಲಾಗಲಿಲ್ಲ. ಸಿನಿಮಾ ನಿಷೇಧಿಸಿ ಅಂತ ನಾನು ಖಂಡಿತ ಕೇಳುತ್ತಿಲ್ಲ. ಚಿತ್ರ ಶುರುವಾಗುವ ಮುಂಚೆ ಮರಿಯಾ ಹೇಳಿದ್ದನ್ನೂ ತೋರಿಸಿ, ಅಷ್ಟೇ.